ಒತ್ತೆಗೆ ಕೂತ ಮಾಯದ ಕಲ್ಲು

ತೊಣ್ಣೂರು ಕೆರೆ ದಂಡೆ ಮೇಲೆ ಹಿಮ ಬಿದ್ದು ಅವತ್ತಿಗೆ ಹನ್ನೊಂದು ದಿನ. ತಾನಾಗಿ ಬಿದ್ದದ್ದಲ್ಲ; ಮೈಸೂರಿಂದ ಮೂಟೆಗಟ್ಟಲೆ ಥರ್ಮಾಕೋಲ್ ಕಾಳು ತರಿಸಿ ಬಂಡೆ ಬಂಡೆಗೂ ಮಂಜುನಾಥ ಎರಚಿದ್ದು. ಮಂಜಿನ ಇಲಾಖೆ ಮಂಜುನಾಥಂದು. ಹೆಸರಿಗೆ ತಕ್ಕ ಕೆಲಸ ಸಿಕ್ಕಿದ್ದು ಇಡೀ ಯೂನಿಟ್ಟಲ್ಲಿ ಅವನೊಬ್ಬನಿಗೇ. ಪ್ರೊಡಕ್ಷನ್ ಮ್ಯಾನೇಜರ್ ಹೊನ್ನಪ್ಪನಿಗೆ ಹೆಸರಲ್ಲಿ ಹೊನ್ನು, ಬೆನ್ನಲ್ಲಿ ನೋವು, ಅಷ್ಟೇ.

ಹೊನ್ನಪ್ಪ ನಾಗಮಂಗಲದ ಕಡೆ ದೇವಲಾಪುರದವನು. ಹತ್ತೊಂಬತ್ತು ವರ್ಷದಿಂದ ಸಿನಿಮಾದವರಿಗೆ ಇಡ್ಲಿ, ಜನರೇಟರು, ಕುದುರೆ, ಹೆಣ ಹೊರೋ ಚಟ್ಟ, ಏನು ಕೇಳಿದ್ರೂ ಒದಗಿಸ್ತಾ ಬಂದವನು. ಅವನ ಹೆಸರು ಪರದೆ ಮೇಲೆ ಬರೋದು ಎಲ್ಲ ಮುಗಿದು ಜನ ಕತ್ತಲಲ್ಲಿ ಚಪ್ಪಲಿ ಹುಡುಕೋ ಹೊತ್ತಿಗೆ, ನೂರೈವತ್ತು ಹೆಸರಿನ ಮಧ್ಯೆ, ಓಡ್ತಾ. ಒಂದ್ಸಲ ಹೊನ್ನಮ್ಮ ಅಂತಲೂ ಓಡಿತ್ತು. ಈ ಸಲ ನಿರ್ದೇಶಕ ಚೈತನ್ಯ ಮಾತು ಕೊಟ್ಟಿದ್ದ: ಶುರುವಲ್ಲೇ, ಒಂಟಿಯಾಗಿ, ನಿಂತ ಅಕ್ಷರದಲ್ಲಿ ನಿಮ್ಮ ಹೆಸರು. ಆ ನಿಂತ ಅಕ್ಷರಕ್ಕೋಸ್ಕರ ಹೊನ್ನಪ್ಪ ಶ್ರೀರಂಗಪಟ್ಟಣದ ಲಾಡ್ಜಿಗೂ ಕೆರೆಗೂ ನಿಲ್ಲದೆ ಬುಗುರಿ ಥರ ತಿರುಗ್ತಿದ್ದ.

ಚೈತನ್ಯ ಯಾವುದೋ ಚಿತ್ರೋತ್ಸವದಲ್ಲಿ ಫಿನ್ಲೆಂಡಿನ ಪುರಾಣದ ಮೇಲೆ ತೆಗೆದ ನಾಲ್ಕು ಸಿನಿಮಾನ ಒಂದೇ ವಾರದಲ್ಲಿ ನೋಡಿದ್ದ. ಕಾಡು, ಕೆರೆ, ಹಿಮ, ಕರಡಿ, ಮಾತೇ ಆಡದ ಜನ. ಅವತ್ತಿಂದ ಅವನಿಗೆ ನಮ್ಮ ಬಿಸಿಲು ಕಂಡ್ರೆ ಆಗ್ತಿರಲಿಲ್ಲ. ಆ ಪುರಾಣನೇ ಕನ್ನಡದಲ್ಲಿ ತೆಗೀತೀನಿ ಅಂತ ಹೊರಟ. ಪುರಾಣ ಕೇಳೋಕೆ ಚೆಂದ, ತೆಗೆಯೋಕೆ ಪ್ರಾಣ. ಹಂಸ ಬೇಕು ಅಂದ, ಹೊನ್ನಪ್ಪ ಕೆ.ಆರ್. ಪೇಟೆಯಿಂದ ಎರಡು ಬಿಳಿ ಬಾತುಕೋಳಿ ತಂದು ಬಿಟ್ಟ. ಕರಡಿ ಬೇಕು ಅಂದ. ಮಾಕವಳ್ಳಿಯ ಚಿಕ್ಕಯ್ಯನಿಗೆ ಎರಡು ಕರೀ ಕಂಬಳಿ ಹೊಲಿಸಿ ಹಾಕಿದ. ಏಪ್ರಿಲ್ ಬಿಸಿಲಲ್ಲಿ ಕರಡಿ ದಿನಕ್ಕೆ ಆರು ಎಳನೀರು ಕುಡೀತಿತ್ತು.

ಕತೆಯಲ್ಲಿ ಮುಖ್ಯವಾದ್ದು ಎರಡು. ಒಂದು, ಮಾಯದ ಬೀಸೋಕಲ್ಲು. ಒಂದು ಮಗ್ಗುಲಿಂದ ಹಿಟ್ಟು, ಇನ್ನೊಂದರಿಂದ ಉಪ್ಪು, ಮತ್ತೊಂದರಿಂದ ಚಿನ್ನ. ತಾನೇ ತಿರುಗಿ ತಾನೇ ಬೀಸ್ತದೆ. ಇನ್ನೊಂದು, ಒಬ್ಬ ತಾಯಿ. ಅವಳ ಮಗನನ್ನ ತುಂಡು ಮಾಡಿ ಸಾವಿನ ಹೊಳೆಗೆ ಎಸೆದಿರ್ತಾರೆ. ಆಕೆ ಉದ್ದನೆ ಹಲ್ಲಿನ ಕುಂಟೆ ಹಿಡಿದು ಹೊಳೆ ತಳ ಬಾಚಿ, ತುಂಡು ತುಂಡಾಗಿ ಮಗನನ್ನ ಎತ್ತಿ, ಜೋಡಿಸಿ, ಬದುಕಿಸ್ತಾಳೆ. ತಾಯಿ ಪಾತ್ರದ ಪ್ರಿಯಾಂಕ ಮಗನ ಪಾತ್ರದವನಿಗಿಂತ ಎರಡು ವರ್ಷ ಚಿಕ್ಕವಳು. ತಲೆಗೆ ಪೌಡರು ಹಾಕಿಸ್ಕೊಂಡು ಹಿರಿಯಳಾಗಿದ್ದಳು.

ಆ ಕುಂಟೆ ಹ್ಯಾಗಿರಬೇಕು ಅಂತ ಚೈತನ್ಯ ಗಾಳಿಯಲ್ಲಿ ಬರೆದು ತೋರಿಸ್ತಿದ್ದಾಗ ಹೊನ್ನಪ್ಪನ ಬಾಯಿಂದ ಬಂದುಬಿಡ್ತು, ಅದಕ್ಕಿಂತ ಪಾತಾಳಗರಡಿ ಚೆನ್ನಾಗಿರ್ತದೆ ಸಾರ್ ಅಂತ. ಬಾವಿಗೆ ಬಿದ್ದ ಕೊಡ ಎತ್ತೋ ಕಬ್ಬಿಣದ ಕೊಕ್ಕೆಗೊಂಚಲು ಅದು. ಹಿಂದೆ ಊರಿಗೊಂದು ಮನೇಲಿ ಇರ್ತಿತ್ತು. ಈಗ ಎಲ್ಲ ಕಡೆ ನಲ್ಲಿ ಬಂದು ಬಾವಿ ಮುಚ್ಚಿದ ಕಾಲ. ಬಾಯಿನೂ ಮುಚ್ಕೊಂಡಿದ್ರೆ ಆಗ್ತಿತ್ತು.

ಕೆರೆಯಿಂದ ಒಂದು ಮೈಲಿ ಆಚೆ ಹಳ್ಳಿಯಲ್ಲಿ, ಪುಟ್ಟಗೌರಮ್ಮನ ಮನೆ ಜಂತೆಗೆ ಒಂದು ಗರಡಿ ನೇತಾಡ್ತಿತ್ತು. ಕೇಳ್ಕೊಂಡು ಬಂದವರು ಹನ್ನೊಂದು ವರ್ಷದಲ್ಲಿ ಇವನೇ ಮೊದಲು. ಎಪ್ಪತ್ತು ದಾಟಿದ ಪುಟ್ಟಗೌರಮ್ಮ ಅದನ್ನ ಇಳಿಸಿ, ಸೆರಗಲ್ಲಿ ಒರೆಸಿ, ತೊಡೆ ಮೇಲೆ ಇಟ್ಕೊಂಡು ಸುಮ್ಮನೆ ಕೂತಳು. ಯಾಕೆ ಅಂತ ಹೊನ್ನಪ್ಪನಿಗೆ ಗೊತ್ತಿತ್ತು. ಅವನ ತಾಯಿಯೂ ಹಿಂಗೇ ಕೂರ್ತಿದ್ದಳು. ಗರಡಿ ಮನೆ ಬಿಟ್ಟು ಬರಿದೇ ಹೋಗಬಾರದು. ಒಯ್ಯೋನು ತನ್ನದೊಂದು ಸಾಮಾನು ಒತ್ತೆ ಇಡಬೇಕು, ಗರಡಿ ವಾಪಸ್ಸು ಬಂದಾಗ ಅದನ್ನ ತಗೊಂಡು ಹೋಗಬೇಕು. ಟೆಂಪೋದಲ್ಲಿ ಇದ್ದದ್ದು ಪ್ಲಾಸ್ಟಿಕ್ ಲೋಟ, ಒಂದು ಮೂಟೆ ಹಿಮ, ಆಮೇಲೆ ಮಾಯದ ಬೀಸೋಕಲ್ಲು. ಸಂಜೆಗೆ ತಂದುಬಿಡ್ತೀನಲ್ಲ ಅಂತ ಹೊನ್ನಪ್ಪ ಆ ಕಲ್ಲನ್ನೇ ಇಳಿಸಿ ಜಗಲಿ ಮೇಲಿಟ್ಟ.

ಸಂಜೆಗೆ ಗರಡಿ ಕೆರೆ ತಳದಲ್ಲಿತ್ತು. ತೆಂಗಿನ ನಾರಿನ ಹಗ್ಗ ತೀರಾ ಲೋಕಲ್ಲಾಗಿ ಕಾಣ್ತದೆ ಅಂತ ಆರ್ಟಿನವರು ಅದನ್ನ ಬಿಚ್ಚಿ ಕರೀ ನೈಲಾನ್ ದಾರ ಕಟ್ಟಿದ್ರು. ಪ್ರಿಯಾಂಕ ಮೂರನೇ ಸಲ ಎಸೆದಾಗ ಗಂಟು ಜಾರ್ತು. ನಾಲ್ಕಾಳುದ್ದ ನೀರು. ಬಾತುಕೋಳಿ ಎರಡೂ ಬಗ್ಗಿ ನೋಡಿ ಮುಂದಕ್ಕೆ ಹೋದವು.

ಮಾರನೇ ದಿನವೇ ಕೊನೇ ದಿನ. ಹೀರೋನ ಕಾಲ್‌ಷೀಟು ಅವತ್ತು ಸಂಜೆಗೆ ಮುಗೀತಿತ್ತು. ಹೊತ್ತು ಮುಳುಗೋ ಮುಂಚೆ ಆ ಕಲ್ಲು ಅವನ ಕೈಗೆ ಬರಬೇಕು, ಇಲ್ಲಾಂದ್ರೆ ಚಿತ್ರಕ್ಕೆ ಕೊನೆಯಿಲ್ಲ. ಕ್ಲೈಮೇಟು ಒಪ್ಪದ ಊರಲ್ಲಿ ಕ್ಲೈಮ್ಯಾಕ್ಸು. ಹೊನ್ನಪ್ಪ ಪಾಂಡವಪುರದ ವೆಲ್ಡಿಂಗ್ ಅಂಗಡೀಲಿ ಹೊಸ ಗರಡಿ ಮಾಡಿಸಿ, ಕೆಮ್ಮಣ್ಣು ತಿಕ್ಕಿ ಹಳೇದು ಮಾಡಿ, ಬೆಳಿಗ್ಗೆಯೇ ಪುಟ್ಟಗೌರಮ್ಮನ ಮುಂದೆ ಇಟ್ಟ.

ಆಕೆ ಕೈಯಲ್ಲಿ ತೂಗಿ ನೋಡಿದಳು.

"ಇದು ನಮ್ದಲ್ಲ ಕಣ್ಮಗ."

"ಗೊತ್ತು ಕಣವ್ವ. ನಿಮ್ದು ಕೆರೆಗೆ ಬಿದ್ದೋಯ್ತು. ಅದ್ಕೇ ಒಸಾದು ಮಾಡ್ಸ್ಕಂಡು ಬಂದೆ. ಅದ್ಕಿಂತ ಗಟ್ಟಿಯಾಗದೆ."

"ಗಟ್ಟಿಯಾಗದೆ, ಇಲ್ಲ ಅನ್ನಾಕಿಲ್ಲ. ನೀನು ಇಟ್ಟೋದ್ಯಲ್ಲ ಕಲ್ಲು, ಅದ್ರ ಬದ್ಲು ನಾನೂ ಒಂದು ಒಸಾ ಕಲ್ಲು ಕೊಟ್ರೆ ತಗಂಡೋದೀಯಾ?"

ಆಕೆ ಬಯ್ಯಲಿಲ್ಲ. ಹೊಸ ಗರಡಿಯ ಕೊಕ್ಕೆಗಳನ್ನ ಒಂದೊಂದೇ ಮುಟ್ಟಿ ನೋಡಿದಳು.

"ಗರಡಿ ಅಲ್ವಾ ಇದೂವೆ? ಬಿದ್ದಿರಾದ ಎತ್ತಾಕೆ ತಾನೇ ಮಾಡ್ಸಿರಾದು? ನಡಿ, ಎತ್ತುವ."

ಹಟ್ಟಿಯಿಂದ ಹಳೇ ಬಾವಿ ಹಗ್ಗ ತಂದು, ಗಂಟು ತಾನೇ ಹಾಕಿ, ಪುಟ್ಟಗೌರಮ್ಮ ಕೆರೆ ಬಂಡೆ ಮೇಲೆ ನಿಂತಳು. ಎಸೆಯೋಳು, ತಳ ಮುಟ್ಟೋವರೆಗೂ ಬಿಡೋಳು, ಕಣ್ಣು ಮುಚ್ಕೊಂಡು ಎಳೆಯೋಳು. ಕಣ್ಣಲ್ಲಿ ಏನು ಕಾಣ್ತದೆ, ಹಗ್ಗ ಹೇಳೋದನ್ನ ಕೈ ಕೇಳಬೇಕು ಅಂತ ಅವಳ ಲೆಕ್ಕ. ಮೊದಲು ಒಂದು ಚಪ್ಪಲಿ ಬಂತು. ಆಮೇಲೆ ಗಣೇಶನ ಬಿದಿರಿನ ಎಲುಬುಗೂಡು. ಒಂದು ಸೀರೆ. ಬೀರು ಬಾಟ್ಲಿಗಳಿದ್ದ ಒಂದು ಚೀಲ. ಚಪ್ಪಲಿಯ ಜೊತೆ ಚಪ್ಪಲಿ. ಬಂದದ್ದನ್ನೆಲ್ಲ ಯಾರೋ ಕೇಳ್ಕೊಂಡು ಬರ್ತಾರೆ ಅನ್ನೋ ಹಂಗೆ ಬಂಡೆ ಮೇಲೆ ಸಾಲಾಗಿ ಜೋಡಿಸಿದಳು. ಹನ್ನೆರಡಾಯ್ತು, ಎರಡಾಯ್ತು. ಹೊನ್ನಪ್ಪ ಹಗ್ಗದ ತುದಿ ಹಿಡಿದು ನಿಂತೇ ಇದ್ದ. ಕಾಲು ಅವನದಾಗಿ ಉಳಿದಿರಲಿಲ್ಲ.

ಮೂರೂವರೆಗೆ ಚೈತನ್ಯ ಅವನನ್ನ ಪಕ್ಕಕ್ಕೆ ಕರೆದ. ಆಕೆ ಇಲ್ಲಿದ್ದಾಳೆ, ಮನೆ ತೆರೆದಿದೆ, ಕಲ್ಲು ಜಗಲಿ ಮೇಲಿದೆ. ಹೋಗಿ ಎತ್ಕೊಂಡು ಬನ್ನಿ ಅಂದ. ಹೊನ್ನಪ್ಪನ ಭುಜದ ಮೇಲೆ ಕೈ ಹಾಕಿದ.

"ಇದು ಕಳ್ಳತನ ಅಲ್ಲ ಹೊನ್ನಣ್ಣ. ಅದು ನಮ್ದೇ ಪ್ರಾಪರ್ಟಿ."

ಮಾತು ಸರಿಯಾಗೇ ಇತ್ತು. ಹೊನ್ನಪ್ಪ ಬೈಕ್ ಹತ್ತಿ ಹೋದ.

ಮನೆ ಮುಂದೆ ಸೊಸೆ ರಮ್ಯ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಳು. ಅತ್ತೆ ಬರೋಗಂಟ ಕೂತ್ಕೊಳ್ಳಿ ಅಣ್ಣ ಅಂತ ಒಂದು ಲೋಟ ಕಾಫಿ ಕೊಟ್ಟು, ಬಾಗಿಲು ಹಾಕದೇ ಹೊರಟುಹೋದಳು. ಕಲ್ಲು ಜಗಲಿ ಮೇಲೇ ಇತ್ತು. ಬರೀ ಇರಲಿಲ್ಲ, ತೊಳೆದು, ಮಣೆ ಮೇಲೆ ಕೂರಿಸಿ, ಮನೇ ಬೀಸೋಕಲ್ಲಿಗೆ ಇಡೋ ಹಂಗೆ ಅರಿಶಿನ ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸಿದ್ರು. ಕಾಳು ಹಾಕೋ ಬಾಯಲ್ಲಿ ಒಂದು ಹಿಡಿ ರಾಗಿ.

ಹೊನ್ನಪ್ಪ ಒಂದು ಕೈಯಲ್ಲಿ ಎತ್ತಿದ. ಒಳಗೆ ಟೊಳ್ಳು, ಹೊರಗೆ ಫೈಬರು, ಒಂದು ಕೋಳಿಯಷ್ಟು ತೂಕ. ಕೆರೆಗೆ ಐದು ನಿಮಿಷದ ದಾರಿ. ಎತ್ಕೊಂಡು ನಿಂತವನಿಗೆ ಯಾಕೋ ಗೋವಿಂದನಹಳ್ಳಿಯ ತೊಟ್ಟಿಲು ನೆನಪಾಯ್ತು. ಏಳೆಂಟು ವರ್ಷದ ಹಿಂದೆ ಒಂದು ಮನೆಯಿಂದ ಶೂಟಿಂಗಿಗೆ ತಂದಿದ್ದ. ಶಾಟ್ ಮಧ್ಯೆ ಅದರ ಕಾಲು ಮುರಿದಿತ್ತು. ಮನೆಯವರೆಲ್ಲ ಶೂಟಿಂಗ್ ನೋಡೋಕೆ ಹೋಗಿದ್ದ ಹೊತ್ತಲ್ಲಿ, ಹೇಳದೆ ಅಟ್ಟದ ಮೇಲೆ ಇಟ್ಟು ಬಂದಿದ್ದ. ಅದರಲ್ಲಿ ಯಾವ ಮಗು ಮಲಗಿಸಿದ್ರೋ, ಅವನು ವಿಚಾರಿಸೋಕೆ ಹೋಗಿರಲಿಲ್ಲ.

ಕಲ್ಲನ್ನ ಮಣೆ ಮೇಲೆ ವಾಪಸ್ಸಿಟ್ಟು ಅದರ ಪಕ್ಕ ಕೂತ. ಹತ್ತೊಂಬತ್ತು ವರ್ಷದ ಸುಸ್ತು ಒಂದೇ ಸಲ ಬಂದು ಅವನ ಪಕ್ಕ ಕೂತ್ಕೊಳ್ತು.

ಮೂರನೇ ಸಲಕ್ಕೆ ಫೋನ್ ಎತ್ತಿದ. ಎಲ್ಲಿದ್ದೀರ, ಬಿಸಿಲು ಇಳೀತಿದೆ ಅಂದ ಚೈತನ್ಯ.

"ಕಲ್ಲಿನ ಪಕ್ಕ ಕೂತಿದ್ದೀನಿ ಸಾರ್. ಗೌರವ್ವ ಬಂದು ಕೊಡ್ಲಿ."

"ಆಕೆ ಇನ್ನೂ ಚಪ್ಪಲಿ ಎತ್ತುತ್ತಾ ಇದ್ದಾಳೆ. ನಿಮ್ಮ ಹೆಸರು ಒಂಟಿಯಾಗಿ ಬರೋದು ಬೇಡ್ವಾ ಹೊನ್ನಣ್ಣ?"

"ಬೇಕು ಸಾರ್" ಅಂದ ಹೊನ್ನಪ್ಪ. ಎದ್ದೇಳಲಿಲ್ಲ.

ಯಾವಾಗ ನಿದ್ದೆ ಬಂತೋ. ಒದ್ದೆ ಹಗ್ಗ ಜಗಲಿಗೆ ಬಿದ್ದ ಸದ್ದಿಗೆ ಎಚ್ಚರಾಯ್ತು. ಮೊಣಕಾಲವರೆಗೂ ನೆನೆದ ಪುಟ್ಟಗೌರಮ್ಮ ಎರಡೂ ಗರಡಿ ಹಿಡಿದು ನಿಂತಿದ್ದಳು. ಹೊತ್ತು ಬೆಟ್ಟದ ನೆತ್ತಿ ಮೇಲಿತ್ತು. ಆಕೆ ಹಳೇ ಗರಡಿಯ ಕೊಕ್ಕೆಗಳನ್ನ ಒಂದೊಂದಾಗಿ ಎಣಿಸಿ, ಒಂದು ಬಾಗ್ಬುಟ್ಟದೆ, ಓಗ್ಲಿ ಬುಡು ಅಂತ ತನಗೆ ತಾನೇ ಹೇಳ್ಕೊಂಡು, ಅದನ್ನ ಜಂತೆಗೆ ನೇತುಹಾಕಿದ ಮೇಲೇ ಇವನ ಕಡೆ ತಿರುಗಿದ್ದು.

"ನೀನು ಎತ್ಕಂಡೋಗಿರ್ತೀಯ ಅಂದ್ಕಂಡಿದ್ದೆ. ಅಲ್ಲಿ ಅಂಗೇ ಮಾತಾಡ್ತಿದ್ರು. ಯಾಕ್ಲಾ ಓಗ್ನಿಲ್ಲ?"

"ಸುಸ್ತಾಗಿತ್ತು ಕಣವ್ವ."

ಆಕೆ ಕಲ್ಲನ್ನ ಬಗ್ಗಿಸಿ ರಾಗಿಯನ್ನ ಸೆರಗಿಗೆ ಸುರ್ಕೊಂಡಳು.

"ಒಂದಿಡಿ ಆಕ್ ನೋಡ್ದೆ. ತಿರುಗ್ನೇ ಇಲ್ವಲ್ಲ. ಏನ್ ಬೀಸದು ಇದು?"

"ಕೇಳಿದ್ದೆಲ್ಲ ಬೀಸ್ತದಂತೆ."

"ಅಂಗಾರೆ ನಂಗೆ ಕೇಳಾಕೆ ಬರ್ನಿಲ್ಲ" ಅಂದು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಅವನು ಕೆರೆ ಮುಟ್ಟೋ ಹೊತ್ತಿಗೆ ಯೂನಿಟ್ ವ್ಯಾನಿನ ಧೂಳೂ ಕೂತಿತ್ತು. ಬಂಡೆ ಮೇಲೆ ಚಪ್ಪಲಿಗಳ ಸಾಲು ಹಂಗೇ ಇತ್ತು. ಮಂಜುನಾಥ ಒಬ್ಬನೇ ಕುಕ್ಕರಗಾಲಲ್ಲಿ ಕೂತು ಹಿಮ ಆಯ್ತಿದ್ದ. ಕಲ್ಲಿಲ್ಲದೆಯೇ ಮುಗಿಸಿದ್ರಂತೆ: ಹೀರೋ ಖಾಲಿ ಕೈ ನೋಡ್ಕೊಂಡು ಅಳ್ತಾನೆ. ಇದೇ ಚೆನ್ನಾಗಿದೆ, ಸಿಂಬಾಲಿಕ್ಕಾಗಿದೆ ಅಂದ್ರಂತೆ ಡೈರೆಕ್ಟರು. ಒಂದು ಶಾಟ್ ಕೊಡಿ ಅಂತ ಮುದುಕೀನೂ ಕೇಳಿದ್ರಂತೆ. ಕೆಲಸ ಅದೆ, ತಡೀರಿ ಅಂದ್ಬುಡ್ತಂತೆ ಆವಮ್ಮ.

"ನನ್ನ ಎಸ್ರು ಏನಾರ ಅಂದ್ರಾ?"

"ತೆಗೆಸ್ಬುಡ್ತೀನಿ ಅಂದ್ರು ಕಣಣ್ಣ."

"ತೆಗ್ಸಾಕೆ ಇನ್ನೂ ಆಕ್ಸೇ ಇರ್ನಿಲ್ವಲ್ಲ ಮಂಜ" ಅಂದ ಹೊನ್ನಪ್ಪ.

ಫಿನ್ಲೆಂಡಲ್ಲಿ ಹಿಮ ತಾನೇ ಬಿದ್ದು ತಾನೇ ಕರಗ್ತದಂತೆ. ಇದು ಕರಗೋದಲ್ಲ. ಕೆರೆ ಮೀನು ತಿಂದ್ರೆ ಸಾಯ್ತವೆ, ಒಂದು ಕಾಳೂ ಬಿಡದೆ ಆಯ್ಕೊಂಡು ಹೋಗಿ ಅಂತ ಊರವರು ಹೇಳಿದ್ರು. ಹೊನ್ನಪ್ಪ ಬೆನ್ನು ಹಿಡ್ಕೊಂಡು ಮಂಜುನಾಥನ ಪಕ್ಕ ಕೂತ. ಕಾಳು ಮೂಟೆಗೆ ಉದುರಿಸಿದ್ರೂ ಉದುರದೆ ಅಂಗೈಗೇ ಅಂಟ್ಕೊಳ್ತಿತ್ತು.

ಸ್ವಲ್ಪ ಹೊತ್ತಿಗೆ ಮೂಟೆ ತುಂಬ್ತು. ಇನ್ನೊಂದು ಮೂಟೆ ಇರಲಿಲ್ಲ. ಮಂಜುನಾಥ ಆ ಕಡೆ ಈ ಕಡೆ ನೋಡಿ, ಬೀಸೋಕಲ್ಲಿನ ಮುಚ್ಚಳ ತೆಗೆದು, ಟೊಳ್ಳೊಳಗೆ ಕೈ ಆಡಿಸಿ ನೋಡಿದ.

"ಇದ್ರೊಳಕ್ಕೆ ತುಂಬಣ್ಣ. ಬೇಕಾದಷ್ಟು ಇಡೀತದೆ."

ಹೊನ್ನಪ್ಪ ಅಂಗೈ ಕೊಡವಿ ಕೊಡವಿ ತುಂಬೋಕೆ ಶುರು ಮಾಡಿದ.