ಪಕ್ಕದ ಸೀಟಿನ ಬ್ರೇಕು

ಕಾರು ಗಕ್ಕನೆ ನಿಂತಿತು. ಹಿಂದಿನ ಸೀಟಿನ ಮೇಲಿದ್ದ ಕಿತ್ತಳೆ ಹಣ್ಣುಗಳೆಲ್ಲ ದಡದಡನೆ ಕೆಳಗುರುಳಿದವು. ಬೆನ್ನಿಗೇ ಬರುತ್ತಿದ್ದ ಲಾರಿ ಕಿವಿ ಹರಿಯುವಂತೆ ಹಾರ್ನ್ ಹೊಡೆದು ಪಕ್ಕಕ್ಕೆ ಹೊರಳಿ ಮುಂದೆ ಹೋಯಿತು. ಅದರ ಡ್ರೈವರ್ ಬೈದದ್ದು ಗಾಳಿಪಾಲಾಯಿತಾದರೂ ಕೈ ಆಡಿಸಿದ್ದು ಮಾತ್ರ ಚೆನ್ನಾಗಿಯೇ ಕಂಡಿತು.

ಸ್ಟೇರಿಂಗ್ ಹಿಡಿದಿದ್ದ ಗಂಡ ಬ್ರೇಕ್ ಒತ್ತಿರಲಿಲ್ಲ. ಒತ್ತಿದವಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

ಅವನು ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದ. "ಏನಿತ್ತು ಅಲ್ಲಿ?"

"ನಾಯಿ ಮಲಗಿದೆ ಅಂದ್ಕೊಂಡೆ ರೀ."

ಅದು ಯಾವುದೋ ಲಾರಿಯ ಚಕ್ರದಿಂದ ಸುಲಿದು ಬಿದ್ದಿದ್ದ ಟಯರಿನ ತುಂಡು.

"ಹಗ್ಗ ಕಂಡ್ರೆ ಹಾವು ಅನ್ನೋರನ್ನ ನೋಡಿದೀನಿ. ಟಯರ್ ಕಂಡ್ರೆ ನಾಯಿ ಅನ್ನೋಳು ನೀನೊಬ್ಳೇ."

ಊರಿನಲ್ಲಿ ಅವನಿಗೆ ಕ್ಲಚ್ ಮೇಷ್ಟ್ರು ಎಂದೇ ಹೆಸರು. ಅರ್ಧ ಊರಿಗೆ ಕಾರು ಕಲಿಸಿದವನು. ಈ ಕಡಲಿನಿಂದ ಆ ಕಡಲಿನವರೆಗೆ ದೇಶವನ್ನು ಅಡ್ಡಲಾಗಿ ದಾಟೋಣ ಎಂದು ಮದುವೆಯ ಹೊಸತರಲ್ಲಿ ಅವಳಿಗೆ ಮಾತು ಕೊಟ್ಟಿದ್ದ. ಡ್ರೈವಿಂಗ್ ಸ್ಕೂಲು ಮುಚ್ಚಿದ ಮೇಲೆ ಆ ಕಾರನ್ನೇ ತೊಳೆದು, ಬಾಗಿಲ ಮೇಲಿದ್ದ ಅಕ್ಷರ ಅಳಿಸಿ, ಮಾತು ಉಳಿಸಿಕೊಳ್ಳಲು ಹೊರಟಿದ್ದ. ಪಕ್ಕದ ಸೀಟಿನ ಮುಂದೆ ಮೇಷ್ಟ್ರ ಕಾಲಿಗೆಂದು ಇದ್ದ ಎರಡನೇ ಬ್ರೇಕನ್ನು ಮಾತ್ರ ತೆಗೆಸಿರಲಿಲ್ಲ.

ಮನೆಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ವಾಪಸ್ ಬಂದು ಬೀಗ ಎಳೆದು ನೋಡುವ ಹೆಂಗಸಿನ ಕಾಲಬುಡದಲ್ಲಿ ಬ್ರೇಕ್ ಇದ್ದರೆ ಆಗುವುದೇ ಆಗಿತ್ತು. ಎಮ್ಮೆ ಕಂಡರೆ ಒತ್ತಿದಳು, ಸೇತುವೆ ಕಂಡರೆ ಒತ್ತಿದಳು.

ಹಾಗೆಂದು ಅವಳಿಗೆ ಪ್ರಯಾಣ ಬೇಡವಾಗಿರಲಿಲ್ಲ. ಕಲಿಯುವವರಿಂದ ಎರಡನೇ ಗೇರಿನಲ್ಲಿ ಊರಿನ ಒಂದೇ ಮೈದಾನ ಸುತ್ತಿಸುತ್ತಲೇ ಕೂದಲು ನರೆಸಿಕೊಂಡವನು, ಬಯಲಿನ ನೇರ ರಸ್ತೆ ಸಿಕ್ಕಿದ್ದೇ ಕಿಟಕಿ ಇಳಿಸಿ ಹಾಡತೊಡಗಿದ್ದ. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದಳು. ಇಷ್ಟು ವರ್ಷ ಈ ಮನುಷ್ಯ ಎಲ್ಲಿ ಅಡಗಿದ್ದ ಎಂದುಕೊಂಡಿದ್ದಳು.

"ನಿನ್ನೆ ಏನು ಮಾತಾಗಿತ್ತು?" ಎಂದ ಈಗ.

"ಇನ್ನೊಂದು ಸಲ ಒತ್ತಿದ್ರೆ ವಾಪಸ್ ಊರಿಗೆ ಅಂತ." ಮುಂದೆ ಬೆಟ್ಟಗಳ ಸಾಲು ನೀಲಿಯಾಗಿ ಕಾಣುತ್ತಿತ್ತು. ಅದರಾಚೆಗೆ ಆ ಕಡಲು.

ಅವನು ಇಳಿದು, ಸುತ್ತು ಬಳಸಿ ಬಂದು ಅವಳ ಕಡೆಯ ಬಾಗಿಲು ತೆಗೆದ. "ಇಳಿ."

"ರೀ, ಇಷ್ಟು ದೂರ ಬಂದು..."

"ಬ್ರೇಕ್ ಮೇಲೆ ಅಷ್ಟೊಂದು ಪ್ರೀತಿ ಇರೋಳು ಆ ಕಡೆ ಕೂತ್ಕೋ. ಅಲ್ಲಿ ಇದಕ್ಕಿಂತ ಒಳ್ಳೇ ಬ್ರೇಕ್ ಇದೆ."

"ನನಗೆಲ್ಲಿ ಓಡಿಸೋಕೆ ಬರುತ್ತೆ?"

"ಲೈಸೆನ್ಸ್ ಯಾರ ಹೆಸರಲ್ಲಿದೆ? ಪಕ್ಕದ್ಮನೆಯವರ ಹೆಸರಲ್ಲಾ?"

ಲೈಸೆನ್ಸೇನೋ ಇತ್ತು. ಅವನೇ ಕಲಿಸಿದ್ದು. ಆದರೆ ಕಲಿಯುವಾಗ ಪ್ರತಿ ತಿರುವಿನಲ್ಲೂ ಅವಳ ಕಾಲಿಗಿಂತ ಮೊದಲು ಅವನ ಕಾಲು ಬ್ರೇಕ್ ಒತ್ತುತ್ತಿತ್ತು. ಕಾರು ನಿಧಾನವಾದದ್ದು ಯಾರಿಂದ ಎಂಬುದು ಅವಳಿಗೆ ಒಂದು ದಿನವೂ ತಿಳಿದಿರಲಿಲ್ಲ.

"ಆಗ ಓಡಿಸಿದ್ದು ನೀವು. ನಾನು ಬರೀ ಸ್ಟೇರಿಂಗ್ ಹಿಡ್ಕೊಂಡಿದ್ದೆ."

ಅವನು ಅವಳನ್ನು ಸ್ಟೇರಿಂಗ್ ಮುಂದೆ ಕೂರಿಸಿ ತಾನು ಪಕ್ಕದಲ್ಲಿ ಕೂತ. ಆಮೇಲೆ ಕಲಿಸುವ ದನಿ ತಂದುಕೊಂಡು, "ಮಾತು ಕಡಿಮೆ ಮಾಡಿ ಮೇಡಂ, ಮಿರರ್ ನೋಡಿ," ಎಂದ.

ಜೀವ ಕೈಯಲ್ಲಿ ಹಿಡಿದು ಅವಳು ಕಾರು ಹೊರಡಿಸಿದಳು. ಒಂದು ಸಲ ಬಂದ್ ಆಯಿತು. ಸೈಕಲ್ಲಿನವನೊಬ್ಬ ಅವರನ್ನು ದಾಟಿ ಹೋದ.

"ಪಾಪ, ಅವನಿಗೂ ಒಂದು ಸಂತೋಷ," ಎಂದ ಗಂಡ.

ಬೆಟ್ಟ ಹತ್ತಿರವಾಯಿತು. ಮೊದಲ ತಿರುವು ಬಂತು. ಪಕ್ಕದಿಂದ ಆ ಹಳೆಯ ಜಗ್ಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳ ಮೈಯೆಲ್ಲ ಕಾಯುತ್ತಿತ್ತು. ಬರಲಿಲ್ಲ. ಕಡೆಗೆ ತಾನೇ ಒತ್ತಿದಳು. ಕಾರು ವೇಗ ತಗ್ಗಿಸಿ, ಬಾಗಿ, ತಿರುವು ದಾಟಿತು.

"ನೀವು ಒತ್ತಿದ್ರಾ?"

"ಇಲ್ಲ."

"ಸುಳ್ಳು."

ಕಿತ್ತಳೆ ಸುಲಿದ ವಾಸನೆ ಕಾರಿನ ತುಂಬ ಹರಡಿತು.

ಬೆಟ್ಟದ ನೆತ್ತಿಯಲ್ಲಿ ರಸ್ತೆ ಸ್ವಲ್ಪ ದೂರ ನೇರವಾಗಿತ್ತು. ಆಗ ಧೈರ್ಯ ಮಾಡಿ ಒಮ್ಮೆ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಅವನ ಚಪ್ಪಲಿಗಳು ಬ್ರೇಕಿನ ಪಕ್ಕ ಖಾಲಿಯಾಗಿ ಬಿದ್ದಿದ್ದವು. ಅವನು ಎರಡೂ ಕಾಲುಗಳನ್ನು ಸೀಟಿನ ಮೇಲೆಳೆದು, ಚಕ್ಕಳಮಕ್ಕಳ ಹಾಕಿ ಕೂತು, ಮಡಿಲಲ್ಲಿ ಸಿಪ್ಪೆ ಗುಡ್ಡೆ ಹಾಕಿಕೊಂಡಿದ್ದ.

"ರಸ್ತೆ ನೋಡಿ ಮೇಡಂ," ಎಂದು ಒಂದು ತೊಳೆ ಅವಳ ಬಾಯಿಗೆ ಹಿಡಿದ.

ಅವಳು ರಸ್ತೆ ನೋಡುತ್ತಲೇ ಬಾಯಿ ತೆರೆದಳು. ಮುಂದಿನ ತಿರುವು ಬಂತು. ಮೆಲ್ಲಗೆ ಬ್ರೇಕ್ ಒತ್ತಿದಳು. ಹಿಂದಿನ ಸೀಟಿನ ಕೆಳಗೆ ಉಳಿದಿದ್ದ ಕಿತ್ತಳೆಯೊಂದು ನಿಧಾನವಾಗಿ ಒಂದು ಸುತ್ತು ಉರುಳಿ, ಸುಮ್ಮನೆ ನಿಂತಿತು.