ಹೆಸರಿಲ್ಲದ ಬಕೆಟ್ಟು

ಬುಧವಾರದ ಮಸಾಲೆಯನ್ನು ಡಬ್ಬಿಗೆ ತುಂಬಿ, ಗುರುವಾರದ್ದಕ್ಕೆ ಕಾಯಿ ತುರಿಯುತ್ತ ಮಾಲಿನಿ ಮತ್ತೆ ಗಡಿಯಾರ ನೋಡಿದಳು. ಭಾನುವಾರ ಬಂತೆಂದರೆ ಅವಳಿಗೆ ಇದೇ ಕೆಲಸ. ವಾರಕ್ಕಾಗುವಷ್ಟು ಮಸಾಲೆ ರುಬ್ಬಿ ಫ್ರಿಜ್ಜಿನಲ್ಲಿಡಬೇಕು, ಮಗಳು ಸುಪ್ರಿಯಾಳ ಯೂನಿಫಾರ್ಮಿಗೆ ಇಸ್ತ್ರಿ ಹಾಕಬೇಕು, ಅತ್ತೆಯ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಬೇರೆ ಮಾಡಿಡಬೇಕು. ಸೋಮವಾರದಿಂದ ಶುಕ್ರವಾರದವರೆಗೆ ಅವಳು ಈ ಮನೆಯಲ್ಲಿ ಇರುವುದಿಲ್ಲ. ಹಾಗಾಗಿ ಭಾನುವಾರವೇ ಐದು ದಿನದ ಮಾಲಿನಿಯನ್ನು ಡಬ್ಬಿಗಳಲ್ಲಿ ತುಂಬಿಟ್ಟು ಹೋಗಬೇಕಾಗಿತ್ತು.

ಊರಿನ ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ ಮೇಲೆ, ಬಿ.ಎಡ್. ಆಗದವರನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ ಎಂದಿದ್ದರು. ಸೀಟು ಸಿಕ್ಕಿದ್ದು ಕುಮಟೆಯಲ್ಲಿ. ಹೊರ ತಾಲ್ಲೂಕಿನವರು ಮೊದಲ ವರ್ಷ ಹಾಸ್ಟೆಲಿನಲ್ಲೇ ಇರಬೇಕೆಂಬುದು ಆ ಕಾಲೇಜಿನ ನಿಯಮ. ಮೂವತ್ತೇಳರ ಹೆಂಗಸು, ಡಿಗ್ರಿಗೆ ಸೇರಿದ ಹದಿನೆಂಟರ ಹುಡುಗಿಯರ ನಡುವೆ ಚಾಪೆ, ಬಕೆಟ್ಟು ಹಿಡಿದುಕೊಂಡು ಹೋಗಿ ನಿಂತಿದ್ದಳು. ಒಂದು ವಾರವೂ ತಡೆಯಲಿಲ್ಲ. ಮನೆಯಿಂದಲೇ ಬಸ್ಸಿನಲ್ಲಿ ಓಡಾಡಲು ಬಿಡಿ ಎಂದು ಪ್ರಿನ್ಸಿಪಾಲರನ್ನು ಬೇಡಿಕೊಂಡಿದ್ದಳು.

"ಪ್ರಿನ್ಸಿಪಾಲ್ರು ಎಂತ ಹೇಳಿದ್ರು?" ಗಂಡ ನಿತ್ಯಾನಂದ ಕೇಳಿದ. ಶಿರಾಲಿಯಲ್ಲಿ ಅವನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಭಾನುವಾರವೂ ಅವನ ಕೈಯಿಂದ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ.

"ಇನ್ನೂ ಎಂತದೂ ಹೇಳ್ಲಿಲ್ಲ."

ಆಗ ಅದು ನಿಜವೇ ಆಗಿತ್ತು.

ಬಾಗಿಲ ಬಳಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಗಣಪಿ ತಲೆ ಎತ್ತಲಿಲ್ಲ. "ನೀ ಕೇಳಿದ್ದು ಪ್ರಿನ್ಸಿಪಾಲ್ರ ಹತ್ರವೋ, ಇಡಗುಂಜಿ ಗಣಪತಿ ಹತ್ರವೋ? ದೇವ್ರಾದ್ರೂ ಇಷ್ಟೊತ್ತಿಗೆ ಹೂಂ ಅಂತಿದ್ದ."

ಸುಪ್ರಿಯಾ ಬಾಚಣಿಗೆ ಹಿಡಿದು ಬಂದು ಬೆನ್ನು ತಿರುಗಿಸಿ ಕೂತಳು. ವಾರವೆಲ್ಲ ತಾನೇ ಹೆಣೆದುಕೊಳ್ಳುವ ಅವಳ ಜಡೆ ಒಂದು ಮೇಲೆ, ಒಂದು ಕೆಳಗೆ. "ಅಮ್ಮ, ನಾಳೆ ಬೆಳಿಗ್ಗೆ ಹೋದ್ರೆ ಆಗೂದಿಲ್ವಾ? ಹೋದ ತಿಂಗ್ಳೆಲ್ಲ ಸೋಮವಾರವೇ ಹೋಗ್ತಿದ್ದೆ ಅಲ್ದಾ?"

"ಸೋಮವಾರ ಬೇಗ ಕ್ಲಾಸು ಮಗಾ."

ಕ್ಲಾಸು ಎಂದಿನ ಹೊತ್ತಿಗೇ ಇತ್ತು. ಬಾಯಿಗೆ ಬಂದ ಈ ಸುಳ್ಳು ಎಲ್ಲಿಂದ ಬಂತೆಂದು ಮಾಲಿನಿಗೇ ತಿಳಿಯಲಿಲ್ಲ. ಮಗಳ ಜಡೆಯನ್ನು ಬಿಗಿಯಾಗಿ ಹೆಣೆದಳು, ಒಂದು ದಿನವಾದರೂ ಹೆಚ್ಚು ನಿಲ್ಲಲಿ ಎಂಬಂತೆ.

ಹೊನ್ನಾವರದಲ್ಲಿ ಬಸ್ಸು ಬದಲಿಸಿದಳು. ಶರಾವತಿ ದಾಟುವಾಗ ಪಾಪ ಮಾಡಿದವಳಂತೆ ಎದೆ ಹೊಡೆದುಕೊಂಡಿತ್ತು. ಅದು ಕುಮಟೆ ಹತ್ತಿರವಾದಂತೆ ಹೆಚ್ಚುವುದರ ಬದಲು ಬೇರೇನೋ ಆಗತೊಡಗಿತು. ಕಾಲು ಹಗುರವಾಯಿತು. ಅದೇ ಅವಳಿಗೆ ಸಹಿಸಲಾಗಲಿಲ್ಲ. ಕಿಟಕಿಯ ಗಾಜು ಸರಿಸಿದಳು, ಮುಚ್ಚಿದಳು, ಮತ್ತೆ ಸರಿಸಿದಳು. ಪಕ್ಕದಲ್ಲಿದ್ದ ಮುದುಕ, "ಗಾಳಿ ಬೇಕೋ ಬೇಡ್ವೋ, ಒಂದು ನಿಕ್ಕಿ ಮಾಡು ಮಾರಾಯ್ತಿ," ಎಂದ.

ಮೊದಲ ದಿನಗಳು ನೆನಪಾದವು. ಮೂರು ಮಂಚದ ರೂಮು. "ದೊಡ್ಡವರೊಬ್ಬರು ಜೊತೆಗಿದ್ದರೆ ಒಳ್ಳೆಯದು" ಎಂದು ವಾರ್ಡನ್ ಅವಳನ್ನು ಡಿಗ್ರಿಯ ಇಬ್ಬರು ಹೊಸ ಹುಡುಗಿಯರ ಜೊತೆ ಹಾಕಿದ್ದರು. ಹಿರೇಗುತ್ತಿಯ ಅರ್ಚಿತಾ ಬಂದ ಗಳಿಗೆಯಲ್ಲೇ ಕಿಟಕಿಯ ಮಂಚ ಹಿಡಿದಿದ್ದಳು. ಹೊನ್ನಾವರ ಕಡೆಯ ತೋಟದ ಮನೆಯ ಶ್ರೀಗೌರಿ ಮನೆಯಿಂದ ತಂದ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಡದೆ ಕೂತಿದ್ದಳು. ಬೆಳಿಗ್ಗೆ ಬಿಸಿನೀರಿಗೆ ಸಾಲು. ಸಾಂಬಾರಿನಲ್ಲಿ ತರಕಾರಿ ಹುಡುಕುವ ಪಂಥ. ಫೋನಿಗೆ ಸಿಗ್ನಲ್ ಸರಿಯಾಗಿ ಸಿಗುವುದು ಹಿತ್ತಿಲ ಕಾಂಪೌಂಡಿನ ಮೂಲೆಯಲ್ಲಿ ಮಾತ್ರ. ಸಂಜೆಯಾದರೆ ಅಲ್ಲಿ ಹುಡುಗಿಯರೆಲ್ಲ ಗೋಡೆಗೆ ಮುಖ ಮಾಡಿ ನಿಂತು ಮೂಗೆಳೆಯುತ್ತಿದ್ದರು. ಅಳಲು ಮಾನವಂತರು ಹೋಗುತ್ತಿದ್ದುದು ಬಚ್ಚಲಿಗೆ, ನಲ್ಲಿ ಪೂರ್ತಿ ಬಿಟ್ಟುಕೊಂಡು. ಮಾಲಿನಿಯೂ ಆ ಮಾನವಂತರಲ್ಲೊಬ್ಬಳು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಎದುರಾದ ಶ್ರೀಗೌರಿ ಅವಳ ಊದಿದ ಕಣ್ಣು ನೋಡಿ ತನ್ನ ಕಣ್ಣೊರೆಸಿಕೊಂಡು, "ನಿಮಗೂ ಸೊಳ್ಳೆ ಕಚ್ಚಿತಾ ಅಕ್ಕಾ?" ಎಂದಿದ್ದಳು.

ಅರ್ಚಿತಾ ಅಳುವ ಪೈಕಿಯಲ್ಲ. ಉಗುರು ಬಣ್ಣ ತಂದು ಬಕೆಟ್ಟುಗಳ ಮೇಲೆಲ್ಲ ಹೆಸರು ಬರೆದಳು. ಮಾಲಿನಿಯ ಬಕೆಟ್ಟಿಗೆ ಕೈ ಹಾಕಿದಾಗ ಮಾಲಿನಿ ತಡೆದಿದ್ದಳು. "ನನ್ನದಕ್ಕೆ ಬೇಡ. ನಾನು ಹೋಗೋವಳು."

"ಬಕೆಟ್ಟು ಕಳೆದ್ರೆ ನನ್ನ ಕೇಳ್ಬೇಡಿ ಮತ್ತೆ, ಬಿ.ಎಡ್. ಆಂಟಿ."

ಆಮೇಲೆ ಯಾವುದೋ ದಿನ, ಯಾವುದೆಂದು ಹೇಳಲಾಗದು, ಹಿತ್ತಿಲ ಮೂಲೆಯಲ್ಲಿ ಮೂಗೆಳೆಯುವವರು ಕಡಿಮೆಯಾಗಿದ್ದರು.

ಹಾಸ್ಟೆಲಿನ ಗೇಟು ದಾಟುವಾಗ ಭಾನುವಾರದ ಬಿಸಿಲು ಇನ್ನೂ ಇಳಿದಿರಲಿಲ್ಲ. ಯಾರೂ ಬಂದಿರಲಾರರು ಎಂದುಕೊಂಡು ಬಾಗಿಲು ತಳ್ಳಿದರೆ ಶ್ರೀಗೌರಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಕಿವಿಗೆ ಫೋನಿಟ್ಟುಕೊಂಡು ಕೂತಿದ್ದಳು. ಸಿಗ್ನಲ್ ಸರಿಯಾಗಿ ಬಾರದ ರೂಮಿನಲ್ಲಿ, ತಾಯಿಯ ಜೊತೆಗಿನ ಅವಳ ಮಾತು ಕೂಗಿನಂತಿತ್ತು.

"ಹೂಂ ಆಯಿ, ಬಂದು ಮುಟ್ಟಿದ್ದಿ. ನಾಳೆ ಟೆಸ್ಟ್ ಇದ್ದು, ಅದ್ಕೇ ಬೇಗ ಬಂದಿ... ಇಲ್ಲೆ, ಬೇಜಾರೆಲ್ಲ ಇಲ್ಲೆ."

ಫೋನಿಟ್ಟು ತಿರುಗಿದವಳು ಮಾಲಿನಿಯನ್ನು ಕಂಡು ಕಲ್ಲಾದಳು.

"ನಾಳೆ ಟೆಸ್ಟಾ?" ಮಾಲಿನಿ ಕೇಳಿದಳು.

"ಇಲ್ಲ." ಶ್ರೀಗೌರಿ ದಿಂಬಿನ ತುದಿ ಹಿಡಿದೆಳೆದಳು. "ಅಕ್ಕಾ, ನಿಮಗೆ?"

"ಬೇಗ ಕ್ಲಾಸು."

"ನಿಮಗೂ ಸೊಳ್ಳೆಯಾ?"

ಇಬ್ಬರೂ ನಕ್ಕರು. ಹುಡುಗಿಯ ನಗು ಬೇಗ ನಿಂತಿತು. "ಮನೇಲಿ ಎಲ್ಲ ಚೆನ್ನಾಗೇ ಇದೆ ಅಕ್ಕಾ. ಆಯಿ ನನಗೋಸ್ಕರ ಕಬ್ಬಿನ ಹಾಲಿನ ತೊಡೆದೇವು ಮಾಡಿದ್ದಳು. ಆದ್ರೂ ಮಧ್ಯಾಹ್ನ ಆದ ಮೇಲೆ ಕೂರೋಕೇ ಆಗ್ಲಿಲ್ಲ. ನಾನು ಕೆಟ್ಟವಳಾ?"

ಮಾಲಿನಿ ಉತ್ತರ ಹೇಳಬೇಕಾಗಿತ್ತು. ದೊಡ್ಡವಳೆಂದೇ ಅವಳನ್ನು ಈ ರೂಮಿಗೆ ಹಾಕಿದ್ದು. "ತೊಡೆದೇವು ತಂದಿದ್ದೀಯಾ?" ಎಂದಷ್ಟೇ ಕೇಳಿದಳು.

ಕೆಳಗೆ ಚಹಾದ ಗಂಟೆ ಹೊಡೆಯಿತು. ಬೇರೆ ಯಾರೋ ಇಟ್ಟ ನೀರು, ಬೇರೆ ಯಾರೋ ಹಾಕಿದ ಸಕ್ಕರೆ. ಸಪ್ಪೆ ಚಹಾವನ್ನು ಮಾಲಿನಿ ಎರಡು ಸಲ ಹಾಕಿಸಿಕೊಂಡಳು.

ಸೋಮವಾರ ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದರು. ಒಳ್ಳೆಯ ಸುದ್ದಿ ಹೇಳುವವರ ಮುಖ ಮಾಡಿಕೊಂಡಿದ್ದರು.

"ನಿಮ್ಮದು ಆಯ್ತಮ್ಮ. ಸಂಸಾರಸ್ಥರು, ಕಮಿಟಿಯವರೂ ಒಪ್ಪಿದ್ರು. ನಾಳೆಯಿಂದ್ಲೇ ಮನೆಯಿಂದ ಓಡಾಡಿ. ರೂಮು ಬಿಡೋದನ್ನ ಸಂಜೆಯೊಳಗೆ ವಾರ್ಡನ್‌ಗೆ ಹೇಳಿಬಿಡಿ."

"ಹೇಳದಿದ್ರೆ ಸರ್?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಹೇಳದಿದ್ರೆ ಎಂತ, ನಿಮ್ಮ ಹೆಸರು ಹಾಸ್ಟೆಲಲ್ಲೇ ಇರ್ತದೆ. ಮತ್ತೆ ಕೇಳಿದ್ರೆ ನಾನು ಕೊಡೂದಿಲ್ಲ ನೋಡಿ."

ಆ ಮಧ್ಯಾಹ್ನದ ಪಾಠ ಒಂದೂ ತಲೆಗೆ ಹೋಗಲಿಲ್ಲ. ಬಿಟ್ಟ ಮೇಲೆ ವಾರ್ಡನ್ ಕೋಣೆಯ ತನಕ ಹೋದಳು, ಚಪ್ಪಲಿ ಬಿಟ್ಟಳು, ಹಾಕಿಕೊಂಡು ಹಿಂದೆ ಬಂದಳು. ಒಣಗಿರದ ಬಟ್ಟೆಗಳನ್ನು ತಂತಿಯಿಂದ ತೆಗೆದಳು, ಮತ್ತೆ ಹರವಿದಳು. ಮೇಲೊಂದು ಕೆಳಗೊಂದು ನಿಂತ ಜಡೆ ಕಣ್ಣ ಮುಂದೆ ಬರುತ್ತಿತ್ತು. ನಾಳೆ ಸಂಜೆಗೇ ಆ ತಲೆ ತನ್ನ ಮೊಣಕಾಲುಗಳ ನಡುವೆ ಇರಬಹುದು. ಸಂಜೆಯೆಂದರೆ ಎಷ್ಟು ಹೊತ್ತಿಗೆ? ಕತ್ತಲೆಗೆ ಬಸ್ಸಿಳಿದು, ಸೀರೆ ಬದಲಿಸದೆ ಒಲೆ ಹಚ್ಚಿ, ಮುಸುರೆ ತಿಕ್ಕಿ, ಆಮೇಲೆ ಪುಸ್ತಕ. ಆ ಪುಸ್ತಕ ತೆರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಪುಸ್ತಕದ ನೆವ ಹೇಳಿ ತನ್ನನ್ನೇ ನಂಬಿಸಲೂ ಅವಳಿಗೆ ಮನಸ್ಸಾಗಲಿಲ್ಲ. ಅವಳಿಗೆ ಬೇಕಾಗಿದ್ದುದು ಆ ಮಂಚ. ಯಾರ ಪಾಲೂ ಇಲ್ಲದ, ಮಗ್ಗುಲಾದರೆ ಕಿರುಗುಟ್ಟುವ ಆ ಕಬ್ಬಿಣದ ಮಂಚ.

ಹಿತ್ತಿಲ ಮೂಲೆಯಲ್ಲಿ ನಿತ್ಯಾನಂದನ ಫೋನು ಬಂತು.

"ಉಂಡ್ಯಾ? ಎಂತ ಆತು, ಏನಾದ್ರೂ ಗೊತ್ತಾತಾ?"

ಅವನ ಹಿಂದೆ ಮಿಕ್ಸಿ ತಿರುಗುತ್ತಿತ್ತು. ಅತ್ತೆ ಏನೋ ಬಯ್ಯುತ್ತಿದ್ದರು, ಸುಪ್ರಿಯಾ ನಗುತ್ತಿದ್ದಳು.

"ಮಿಕ್ಸಿ ಯಾರು ಹಾಕಿದ್ದು?" ಮಾಲಿನಿ ಕೇಳಿದಳು.

"ನಿನ್ನ ಮಗ್ಳು. ಚಟ್ನಿ ಮಾಡ್ತಾಳಂತೆ. ಮುಚ್ಚಳ ಸಮಾ ಹಾಕ್ಲಿಲ್ಲ, ಗೋಡೆಗೆಲ್ಲ ಚಟ್ನಿ." ಅವನೂ ನಗುತ್ತಿದ್ದ. "ಕೇಳಿದ್ದಕ್ಕೆ ಹೇಳ್ಲಿಲ್ಲ ನೀನು."

"ಗೋಡೆ ಈಗ್ಲೇ ಒರೆಸೂಕೆ ಹೇಳಿ. ಒಣಗಿದ್ರೆ ಕಲೆ ಹೋಗೂದಿಲ್ಲ," ಎಂದಳು. ಅವನು ಹೂಂಗುಟ್ಟಿದ. ಲೈನು ಕಡಿದುಹೋಯಿತು. ಕಡಿಯಿತೋ, ತನ್ನ ಬೆರಳೇ ಒತ್ತಿತೋ, ಅವಳು ನೋಡಲಿಲ್ಲ.

ರೂಮಿನಲ್ಲಿ ಯಾರೂ ಇರಲಿಲ್ಲ. ಹುಡುಗಿಯರು ಊಟಕ್ಕೆ ಇಳಿದಿದ್ದರು. ಕೆಳಗೆ ವಾರ್ಡನ್ ಕೋಣೆಯ ಬಾಗಿಲಿಗೆ ಬೀಗ ಹಾಕುವ ಸದ್ದು ಕೇಳಿಸಿತು. ಅರ್ಚಿತಾಳ ಉಗುರು ಬಣ್ಣ ಕಿಟಕಿಯ ಮೇಲಿತ್ತು. ಮಾಲಿನಿ ಮಂಚದ ಕೆಳಗಿಂದ ಬಕೆಟ್ಟು ಎಳೆದು, ನೆಲದ ಮೇಲೆ ಕೂತು, ತನ್ನ ಹೆಸರು ಪೂರ್ತಿ ಬರೆದಳು. ಕೊನೆಯ 'ನಿ' ಸ್ವಲ್ಪ ಹರಡಿತು. ಹಸಿ ಬಣ್ಣ ಗೋಡೆಗೆ ತಾಗದಂತೆ ಬಕೆಟ್ಟನ್ನು ತಿರುಗಿಸಿಟ್ಟು, ತಟ್ಟೆ ಹಿಡಿದು ಊಟಕ್ಕೆ ಇಳಿದಳು.