ಖಾಲಿ ಜಾಗದ ಅರವತ್ತೆರಡು ಜನ

"ಏನ್ರೋ ಇದು? ಬಡವರ ಓಣಿ ಅಂತ ಹುಡುಕ್ಕೊಂಡು ಬಂದ್ರೆ ಗೋಡೆಗೆಲ್ಲ ಸುಣ್ಣ ಹೊಡ್ಕೊಂಡು ಕೂತಿದೀರಲ್ಲ! ನಾಚಿಕೆ ಆಗಲ್ವಾ ನಿಮಗೆ?"

ಬೈಯುತ್ತಿದ್ದವನು ಸಿನಿಮಾದವನು. ನಮ್ಮ ಗುಜರಿ ಓಣಿಯ ಬಾಯಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಫೈಲು. ಸಿನಿಮಾ ತೆಗೆಯಲು ಜಾಗ ಹುಡುಕುವುದು, ಆ ಜಾಗಕ್ಕೆ ಆಫೀಸು ಆಫೀಸು ಅಲೆದು ಅನುಮತಿ ತರುವುದು ಅವನ ಕೆಲಸ. ಅವತ್ತೇ ನಾವು ಅವನಿಗೆ ಪರ್ಮಿಷನ್ನಣ್ಣ ಅಂತ ಹೆಸರಿಟ್ಟೆವು.

ನನ್ನ ಅತ್ತಿಗೆ ತಲೆ ಎತ್ತಲಿಲ್ಲ. ಹರಿದ ಚಪ್ಪಲಿಗಳ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರಬ್ಬರನ್ನು ಒಂದು ಚೀಲಕ್ಕೆ, ಚರ್ಮವನ್ನು ಇನ್ನೊಂದಕ್ಕೆ ಹಾಕುತ್ತಿದ್ದಳು. ಅಣ್ಣ ಹೋದ ಮೇಲೆ ಮನೆಗೂ ಓಣಿಗೂ ಅವಳೇ ಯಜಮಾನಿ.

"ಹೋದ ವಾರ ಹೊಡೆದ್ವಿ ಸುಣ್ಣ. ನೋಡಕ್ಕಾಗ್ದಿದ್ರೆ ಕಣ್ಣು ಮುಚ್ಕೋ. ಮೂಗಂತೂ ಮುಚ್ಕೊಂಡಿದೀಯ," ಅಂದಳು.

ಪಕ್ಕದಲ್ಲಿ ಬಾಟಲಿ ತೊಳೆಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಪರ್ಮಿಷನ್ನಣ್ಣನ ಜೋರೆಲ್ಲ ಜರ್ರನೆ ಇಳಿಯಿತು. ಒಂದು ಗೋಣಿಚೀಲದ ಮೇಲೆ ಧೊಪ್ಪೆಂದು ಕೂತ. ಕೂತದ್ದು ಒಡೆದ ಬಲ್ಬುಗಳ ಚೀಲ; ಅಷ್ಟೇ ಬೇಗ ಎದ್ದ.

"ನನ್ನ ಕಷ್ಟ ನಿಮಗೇನು ಗೊತ್ತಕ್ಕಾ? ಮೂರು ತಿಂಗಳಿಂದ ರಾಜ್ಯ ಪೂರ್ತಿ ಸುತ್ತಿದೀನಿ. ಸೇತುವೆಗೆ ಪರ್ಮಿಷನ್ನು, ಸೇತುವೆ ಕೆಳಗಿನ ಕೆರೆಗೆ ಬೇರೆ ಪರ್ಮಿಷನ್ನು. ಒಂದು ಜಲಪಾತ ಇದೆ. ನೀರಿಗೆ ನೀರಾವರಿಯೋರು ಸೈನ್ ಹಾಕಿದ್ರು, ಬಂಡೆಗೆ ಗಣಿಯೋರು ಹಾಕಿದ್ರು. ನೀರು ಮೇಲಿಂದ ಕೆಳಗೆ ಬೀಳೋವಾಗ ಮಧ್ಯ ಗಾಳೀಲಿರತ್ತಲ್ಲ, ಆಗ ಅದು ಯಾರ್ದು ಅಂತ ಎರಡೂ ಇಲಾಖೆ ನಡುವೆ ಇನ್ನೂ ಪತ್ರ ಓಡಾಡ್ತಿದೆ."

"ಪಾಪ! ನಮ್ಮ ಓಣಿಗೂ ಅಲೆದ್ಯಾ?"

"ಇದೊಂದೇ ನೋಡಿ ಸಲೀಸಾಗಿದ್ದು. ಬೆಳಗ್ಗೆ ಕೊಟ್ಟೆ, ಊಟದ ಹೊತ್ತಿಗೆ ಕೈಗೆ ಬಂತು." ಹೆಮ್ಮೆಯಿಂದ ಫೈಲಿನ ಹಾಳೆಯೊಂದನ್ನು ತೋರಿಸಿದ.

ಓಣಿಯಲ್ಲಿ ಏಳನೇ ಕ್ಲಾಸಿನವರೆಗೆ ಹೋದವನು ನಾನೊಬ್ಬನೇ. ತಳ್ಳುಗಾಡಿ ನಿಲ್ಲಿಸಿ ಬಂದು ಓದಿದೆ. "ಸದರಿ ಸ್ಥಳವು ಖಾಲಿ ಜಾಗವಾಗಿದ್ದು, ಯಾವುದೇ ಜನವಸತಿ ಇರುವುದಿಲ್ಲ. ಚಿತ್ರೀಕರಣಕ್ಕೆ ಅಭ್ಯಂತರವಿಲ್ಲ."

ಬಾಟಲಿ ತೊಳೆಯುವ ಸದ್ದು ನಿಂತಿತು.

"ಇನ್ನೊಂದ್ಸಲ ಓದೋ," ಅಂದಳು ಅತ್ತಿಗೆ. ಓದಿದೆ.

"ಮತ್ತೆ ನಾವು?"

"ಅಯ್ಯೋ, ನೀವು ಇದೀರಕ್ಕಾ. ಯಾರು ಇಲ್ಲ ಅಂದ್ರು? ಪೇಪರಲ್ಲಿ ಇಲ್ಲ, ಅಷ್ಟೇ. ಜನ ಇದಾರೆ ಅಂತ ಬರೆದ್ರೆ ಮನೆ ಮನೆ ಒಪ್ಪಿಗೆ ತರಬೇಕಂತೆ. ಸಾಹೇಬ್ರೇ ಹೇಳಿದ್ರು, ಖಾಲಿ ಅಂತ ಬರ್ಕೊಂಡು ಹೋಗಯ್ಯ, ನಿನಗೂ ಸುಲಭ ನನಗೂ ಸುಲಭ ಅಂತ."

ಅತ್ತಿಗೆ ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟಳು. ಹೋದ ತಿಂಗಳು ಇಬ್ಬರು ಬಂದು ಓಣಿಯ ಉದ್ದಗಲಕ್ಕೆ ಟೇಪು ಹಿಡಿದು ಹೋಗಿದ್ದರು. ಕಾರು ನಿಲ್ಲಿಸುವ ಕಟ್ಟಡ ಬರುತ್ತದಂತೆ ಅಂತ ಮಾತಿತ್ತು. ಖಾಲಿ ಅಂತ ಸಾಹೇಬರೇ ಸೈನ್ ಹಾಕಿದ ಮೇಲೆ ಬುಲ್ಡೋಜರಿಗೆ ಯಾರ ಅಡ್ಡಿ?

ಮಾರನೆಯ ದಿನ ಅತ್ತಿಗೆ ನನ್ನನ್ನು ಎಳೆದುಕೊಂಡು ಆ ಸಾಹೇಬರ ಆಫೀಸಿಗೆ ಹೋದಳು. ನನಗೋ ಸಾಹೇಬರನ್ನು ಕಂಡರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಅವಳ ಬೆನ್ನ ಹಿಂದೆ ನಿಂತೆ.

"ಅಲ್ಲೇ, ಅಲ್ಲೇ! ಹೊಸ್ತಿಲು ದಾಟಬೇಡ," ಸಾಹೇಬರು ಕುರ್ಚಿಯ ಸಮೇತ ಹಿಂದಕ್ಕೆ ಜರುಗಿದರು. "ಏಯ್ ಜವಾನ, ಫ್ಯಾನ್ ಜೋರು ಮಾಡೋ. ಏನಮ್ಮ ನಿಂದು?"

"ನಮ್ಮ ಓಣೀಲಿ ಯಾರೂ ಇಲ್ಲ ಅಂತ ಬರೆದಿದೀರಂತೆ. ಹದಿನಾಲ್ಕು ಮನೆ, ಅರವತ್ತೆರಡು ಜನ ಇದೀವಿ ಸ್ವಾಮಿ."

"ಇದೀರಿ ಅನ್ನಕ್ಕೆ ಏನು ದಾಖಲೆ?"

"ನಿಮ್ಮ ಮುಂದೆ ನಿಂತಿದೀನಲ್ಲ."

"ನಿಂತಿರೋದು ಎಲ್ಲಿ? ನನ್ನ ಆಫೀಸಲ್ಲಿ. ನೀನು ಇಲ್ಲಿದೀಯ ಅಂದ್ರೆ ಅಲ್ಲಿಲ್ಲ ಅಂತ ತಾನೇ ಅರ್ಥ?" ಸಾಹೇಬರಿಗೆ ತಮ್ಮ ಮಾತು ತಮಗೇ ಬಹಳ ಹಿಡಿಸಿತು. ಜವಾನನ ಕಡೆ ನೋಡಿದರು. ಜವಾನ ನಗಬೇಕಾಯಿತು. "ಸರ್ಕಾರಿ ಸೀಲಿರೋ ಕಾಗದ ತಗೊಂಬಾ, ಅದರಲ್ಲಿ ನಿಮ್ಮ ಹೆಸರು, ಓಣಿ, ಮನೆ ನಂಬರು ಇರಬೇಕು. ತಂದ್ರೆ ನೋಡೋಣ. ನಡಿ ನಡಿ, ಗಬ್ಬು ನಾರ್ತಿದೆ."

ಹೊರಗೆ ಬಂದ ಮೇಲೆ ಅತ್ತಿಗೆ ಮೆಟ್ಟಿಲಿಗೆ ಕ್ಯಾಕರಿಸಿ ಉಗಿದಳು. "ಬೋಳಿಮಗ! ಇವನ ಸೀಲಿಗೆ ನನ್ನ ಎಕ್ಕಡ!"

ಆ ವಾರವೇ ಸಿನಿಮಾದವರು ಏಳು ಲಾರಿಗಳಲ್ಲಿ ಬಂದಿಳಿದರು. ಮೊದಲು ನಮ್ಮನ್ನೆಲ್ಲ ಓಣಿಯ ಹೊರಗೆ ಹಗ್ಗ ಕಟ್ಟಿ ಅದರಾಚೆ ಬಿಸಿಲಲ್ಲಿ ನಿಲ್ಲಿಸಿದರು. ಆಮೇಲೆ ನಮ್ಮ ಸುಣ್ಣದ ಗೋಡೆಗಳಿಗೆ ಪಿಚಕಾರಿಯಲ್ಲಿ ಕೆಸರು ಬಣ್ಣ ಹೊಡೆದರು. ನಾವು ವಿಂಗಡಿಸಿ ಕಟ್ಟಿಟ್ಟಿದ್ದ ಗುಜರಿಯನ್ನು ಮೂಲೆಗೆ ತಳ್ಳಿ, ಲಾರಿಯಿಂದ ಬೇರೆ ಕಸ ಇಳಿಸಿ ಹರಡಿದರು. ಅದು ತೊಳೆದ ಕಸ. ಒಂದು ನೊಣವೂ ಅದರ ಹತ್ತಿರ ಸುಳಿಯಲಿಲ್ಲ. ನೊಣ ತರಿಸಲು ಯಾವ ಇಲಾಖೆಯ ಪರ್ಮಿಷನ್ನು ಬೇಕು ಎಂದು ನಿರ್ದೇಶಕ ಪರ್ಮಿಷನ್ನಣ್ಣನನ್ನು ಬೈದ.

ಕೊನೆಗೆ ಒಂದು ಬಸ್ಸು ಬಂತು. ಅದರಿಂದ ಕತ್ತಿಗೆ ಸಿನಿಮಾ ಕಾರ್ಡು ನೇತುಹಾಕಿಕೊಂಡ ನಲವತ್ತು ಬಡವರು ಇಳಿದರು. ನಮ್ಮ ಮನೆಗಳ ಮುಂದೆ ನಾವಾಗಿ ಕೂರಲು ಬಂದವರು. ಹರಿದ ಬಟ್ಟೆಗೆ ಇಸ್ತ್ರಿ ಹಾಕಿತ್ತು.

ನಮ್ಮ ಬಾಟಲಿ ಅಜ್ಜಿ ನೀರು ಬೇಕೆಂದು ಹಗ್ಗದಡಿ ನುಸುಳಿ ತನ್ನ ಮನೆಗೆ ಹೊರಟಳು. ನಿರ್ದೇಶಕ ಮೈಕಿನಲ್ಲಿ ಕೂಗಿದ: "ಆ ಮುದುಕೀನ ತೆಗೀರಿ! ತುಂಬಾ ಓವರ್ ಮಾಡ್ತಿದಾಳೆ, ಒಂಚೂರೂ ನಿಜ ಅನಿಸ್ತಿಲ್ಲ."

ಇಬ್ಬರು ಅಜ್ಜಿಯ ರಟ್ಟೆ ಹಿಡಿದು ಎತ್ತಿಕೊಂಡು ಬಂದು ಹಗ್ಗದಾಚೆ ಬಿಟ್ಟರು. ಅಜ್ಜಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅತ್ತಿಗೆ ನೋಡಿದಳು. ಕಾಲಬಳಿ ಬಿದ್ದಿದ್ದ ಎಣ್ಣೆ ಡಬ್ಬ ಎತ್ತಿಕೊಂಡು ಬಡಿಯತೊಡಗಿದಳು. ಹೆಂಗಸರು ತಟ್ಟೆ, ತಗಡು, ಬಕೆಟ್ಟು ಹುಡುಕಿಕೊಂಡರು.

"ಕಟ್! ಕಟ್!" ನಿರ್ದೇಶಕ ಕಿವಿ ಮುಚ್ಚಿಕೊಂಡ.

ಬಂದೋಬಸ್ತಿಗೆ ಬಂದಿದ್ದ ಪೇದೆ ಲಾಠಿ ಬೀಸುತ್ತಾ ಓಡಿ ಬಂದ. "ಯಾರ್ರೀ ಅದು ಸದ್ದು ಮಾಡ್ತಿರೋದು?"

"ಯಾರೂ ಇಲ್ಲ ಸ್ವಾಮಿ. ಪೇಪರ್ ನೋಡಿ," ಅಂದಳು ಅತ್ತಿಗೆ.

ಪರ್ಮಿಷನ್ನಣ್ಣ ಬೆವರೊರೆಸಿಕೊಳ್ಳುತ್ತಾ ಪೇಪರ್ ತೋರಿಸಿದ. ಪೇದೆ ಅದನ್ನು ಓದಿದ, ನಮ್ಮನ್ನು ನೋಡಿದ, ಮತ್ತೆ ಓದಿದ.

"ತಮಾಷೆ ಮಾಡ್ತೀಯಾ ನನ್ನ ಹತ್ರ? ಕೇಸ್ ಹಾಕ್ತೀನಿ! ಹೆಸರು, ವಯಸ್ಸು, ವಿಳಾಸ ಎಲ್ಲಾ ಬರ್ಕೊಂಡು ಒಳಗೆ ಹಾಕ್ತೀನಿ!"

ಅತ್ತಿಗೆಯ ಕೈ ಗಾಳಿಯಲ್ಲೇ ನಿಂತಿತು. "ವಿಳಾಸಾನೂ ಬರ್ಕೊಳ್ತೀರಾ?"

"ಮತ್ತೆ? ಮನೆ ನಂಬರ್ ಸಮೇತ!"

"ಸೀಲು?"

"ಸ್ಟೇಷನ್ನಲ್ಲಿ ಹೊಡೀತಾರೆ. ಯಾಕೆ?"

ಅತ್ತಿಗೆ ನಮ್ಮ ಕಡೆ ತಿರುಗಿದಳು. "ಲೈನ್ ಹಚ್ರೇ ಎಲ್ಲಾ! ಒಬ್ರೂ ತಪ್ಪಿಸ್ಕೋಬೇಡಿ!"

ನೂಕುನುಗ್ಗಲಾಯಿತು. ನಾನು ಮೊದಲು, ತಾನು ಮೊದಲು ಎಂದು ತಗಡು ಆಯುವವನೂ ಕಾಗದ ಆಯುವವನೂ ಜುಟ್ಟು ಜುಟ್ಟು ಹಿಡಿದುಕೊಂಡರು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ತಾತನನ್ನು ಮೊಮ್ಮಕ್ಕಳು ಮಂಚದ ಸಮೇತ ಹೊತ್ತು ತಂದರು.

"ಇವನೇನು ಮಾಡಿದಾನಮ್ಮ?" ಪೇದೆ ಕಂಗಾಲಾಗಿ ಕೇಳಿದ.

"ನಿಮಗೆ ಕಲ್ಲು ಹೊಡೆದ ಸ್ವಾಮಿ."

"ಕೈಯೇ ಎತ್ತಕ್ಕಾಗಲ್ಲವಲ್ರೀ ಅವನಿಗೆ!"

"ಮನಸಲ್ಲಿ ಹೊಡೆದೆ ಸಾರ್," ಅಂದ ತಾತ. "ಮನೆ ನಂಬರ್ ಒಂಬತ್ತು. ಸರಿಯಾಗಿ ಬರ್ಕೊಳ್ಳಿ."

ಪೇದೆಯ ಪುಸ್ತಕದ ಹಾಳೆಗಳು ಮುಗಿದವು. ಪರ್ಮಿಷನ್ನಣ್ಣ ಮುಖ ಸಣ್ಣಗೆ ಮಾಡಿಕೊಂಡು ತನ್ನ ಫೈಲಿನಿಂದ ಒಂದಷ್ಟು ಹಾಳೆ ತೆಗೆದು ಕೊಟ್ಟ. ಜಲಪಾತದ ಪತ್ರಗಳ ಬೆನ್ನಿನ ಮೇಲೆ ನಮ್ಮ ಕೊನೆಯ ಮೂರು ಮನೆಗಳು ಇಳಿದವು. ಕೊಡುವಾಗ ಅವನು ಅತ್ತಿಗೆಯ ಕಿವಿಯಲ್ಲಿ ಮೆಲ್ಲಗೆ ಹೇಳಿದ: "ನಕಲು ಕೇಳಿ ಇಸ್ಕೊಳ್ಳಿ ಅಕ್ಕಾ. ರಿಜಿಸ್ಟರಲ್ಲಿ ಹಾಕೋ ಇನ್ವರ್ಡ್ ನಂಬರ್ ಬಿಡಬೇಡಿ. ಅದಿಲ್ದಿದ್ರೆ ಎಲ್ಲಾ ದಂಡ."

ಎರಡು ವ್ಯಾನು ಬಂದವು. ನಮ್ಮವರು ನೆಂಟರ ಮನೆಗೆ ಹೊರಟವರಂತೆ ತಲೆ ಬಾಚಿಕೊಂಡು ಹತ್ತಿದರು. ನಾನೂ ಕಾಲಿಟ್ಟೆ. ಅತ್ತಿಗೆ ಎದೆಗೆ ಕೈ ಕೊಟ್ಟು ತಡೆದಳು.

"ನೀನು ಬರಬೇಡ್ವೋ."

"ಯಾಕತ್ತಿಗೆ? ನನ್ನ ಹೆಸರೂ ಬರ್ಸಬೇಕಲ್ಲ?"

"ನಿಂದು ನಾನು ಬರಸ್ತೀನಿ, ಓಡಿಹೋದ ಅಂತ. ಎಲ್ರೂ ಹೋದ್ರೆ ಆ ಹಾಳು ಪೇಪರು ನಿಜ ಆಗ್ಬಿಡತ್ತೆ ಕಣೋ. ಒಬ್ಬರಾದ್ರೂ ಓಣೀಲಿರಬೇಕು."

ವ್ಯಾನುಗಳು ಹೋದವು. ಧೂಳು ಇಳಿಯಿತು. ಹದಿನಾಲ್ಕು ಬಾಗಿಲುಗಳ ಮುಂದೆ ಕಾರ್ಡಿನ ಬಡವರು ಕೂತರು. ನನ್ನ ಮನೆಯ ಹೊಸ್ತಿಲ ಮೇಲೆ ಕಪ್ಪು ಮಸಿ ಬಳಿದುಕೊಂಡ ಯಾವನೋ ಒಬ್ಬ ಗಲ್ಲಕ್ಕೆ ಕೈಯಿಟ್ಟು ಚಿಂತೆ ಮಾಡುತ್ತಿದ್ದ.

ನಿರ್ದೇಶಕ ಮೈಕ್ ಎತ್ತಿದ. "ಸದ್ಯ, ಪೀಡೆ ತೊಲಗ್ತು. ಎಲ್ಲಾ ಸೈಲೆನ್ಸ್!"

ಅತ್ತಿಗೆ ಬಿಟ್ಟುಹೋಗಿದ್ದ ಎಣ್ಣೆ ಡಬ್ಬ ಹಗ್ಗದ ಬಳಿ ಬಿದ್ದಿತ್ತು; ಎತ್ತಿಕೊಂಡೆ. ನಾಲಗೆ ಎಂದಿನಂತೆ ಅಂಟಿಕೊಂಡಿತ್ತು. ನಾನು ಹಗ್ಗದಡಿ ನುಸುಳಿದೆ, ನೆಟ್ಟಗೆ ನಡೆದು ಹೋಗಿ ಕ್ಯಾಮೆರಾದ ಕಣ್ಣೆದುರು ನಿಂತೆ, ಡಬ್ಬವನ್ನು ತಲೆಯ ಮೇಲೆತ್ತಿ ಬಾರಿಸಿದೆ.